ಬಿರುಕು ಬಿಡದ ಪಟ್ಟಿ

ನಾನೊಂದು ಬೆರಳಗಲದ ರಬ್ಬರ್ ಪಟ್ಟಿ. ಮರದ ಹಾಲಿಗೆ ಗಂಧಕ, ಮಸಿ ಬೆರೆಸಿ ಬಿಸಿ ಅಚ್ಚಿನಲ್ಲಿ ಒತ್ತಿ ನನ್ನನ್ನು ಹುಟ್ಟಿಸಿದವರು ಮಂದಾಕಿನಿ ಮೇಡಂ. ಮೈಸೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಅವರು ರಸಾಯನಶಾಸ್ತ್ರಜ್ಞೆ. ರಬ್ಬರ್ ಎಷ್ಟು ಕಾಲ ಬಾಳುತ್ತದೆ ಎಂದು ಕಂಡುಕೊಳ್ಳುವುದರಲ್ಲೇ ಅವರ ತಲೆಗೂದಲು ನರೆತಿತ್ತು. ಮನೆಮನೆಯ ಗ್ಯಾಸ್ ಪೈಪಿಗೆಂದು ಅವರು ಕೂಡಿಸಿದ ಹೊಸ ಮಿಶ್ರಣವೇ ನಾನು.

ನನ್ನನ್ನೂ ಬೇರೆ ಬೇರೆ ಮಿಶ್ರಣದ ಪಟ್ಟಿಗಳನ್ನೂ ತಾರಸಿಯ ಮೇಲೆ ಹಲಗೆಗೆ ಎಳೆದು ಬಿಗಿದು ಬಿಸಿಲಿಗೆ, ಗಾಳಿಗೆ ಬಿಟ್ಟರು. ಯಾರು ಬೇಗ ಬಿರುಕು ಬಿಡುತ್ತಾರೋ ಅವರು ಕೆಲಸಕ್ಕೆ ಬಾರದವರು.

ಆಯುಧಪೂಜೆ ಬಂತು. ಅಟೆಂಡರ್ ಪುಟ್ಟಮಾದಯ್ಯ ಯಂತ್ರಗಳಿಗೆಲ್ಲ ಹೂವಿಟ್ಟು ತಾರಸಿಗೂ ಬಂದರು. ಧೂಳು ಹಿಡಿದಿದ್ದ ನನ್ನ ಮೈಗೆ ವ್ಯಾಸಲೀನ್ ಸವರಿದರು.

"ಇದು ನಿಮ್ ಕೂಸಲ್ವಾ ಮೇಡಂ? ಹಬ್ಬದ ದಿನ ಫಳಫಳ ಅನ್ಲಿ ಬುಡಿ."

ಮೇಡಂ ನಕ್ಕು ತಾವೇ ಕುಂಕುಮವಿಟ್ಟರು. ರಬ್ಬರನ್ನು ಅರೆದು ಕುಡಿದವರು ಅವರು. ಆ ಜಿಡ್ಡು ಗಾಳಿಯನ್ನು ತಡೆದು ಪರೀಕ್ಷೆಯನ್ನೇ ಸುಳ್ಳಾಗಿಸುತ್ತದೆ ಎಂಬುದು ಹಬ್ಬದ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ.

ಅಕ್ಕಪಕ್ಕದ ಪಟ್ಟಿಗಳು ಬಿರುಕು ಬಿಟ್ಟವು, ನಾನೊಬ್ಬನೇ ಉಳಿದೆ. ನನ್ನ ಮಿಶ್ರಣದ ಪೈಪುಗಳು ಮನೆಮನೆಗೆ ಮಾರಾಟವಾದವು. ಮೇಡಂಗೆ ಶಾಲು, ಹಾರ. ನನಗೆ ಗಾಜಿನ ಪೆಟ್ಟಿಗೆ. ಬಂದವರೆಲ್ಲ ಹೊಗಳುವಾಗ ನಾಚಿಕೆಯಿಂದ ನೆಲಕ್ಕಿಳಿದುಹೋಗುತ್ತಿದ್ದೆ. ಬಾಯಿಲ್ಲದ ನಾನು ಯಾರಿಗೆ ಹೇಳಲಿ?

ಕೊನೆಗೆ ಮೇಡಂ ಅವರ ಅಕ್ಕನ ಅಡುಗೆಮನೆಯಲ್ಲೇ ಅಂಥದೊಂದು ಪೈಪ್ ಸೀಳಿಹೋಗಿ ಗ್ಯಾಸ್ ಸೋರಿತು. ವಾಸನೆ ಬಂದು ಕಿಟಕಿ ತೆರೆದದ್ದರಿಂದ ಆಕೆಯ ಜೀವ ಉಳಿಯಿತು. ಮೇಡಂ ಓಡಿಬಂದು ನನ್ನನ್ನು ಹೊರತೆಗೆದು ಬೆರಳಾಡಿಸಿದರು. ಬೆರಳಿಗೆ ಜಿಡ್ಡು ಹತ್ತಿತು.

"ಹಬ್ಬ ಮುಗಿದ್ಮೇಲೂ ಹಚ್ತಿದ್ರಾ, ಪುಟ್ಟಮಾದಯ್ಯ?"

"ಪ್ರತಿ ಶುಕ್ರವಾರ ಮೇಡಂ. ಅವತ್ತು ನೀವು ನಕ್ರಲ್ಲ, ನಿಮ್ಗಿಷ್ಟ ಅಂದ್ಕೊಂಡೆ."

ಮೇಡಂ ಮುಖ ಕಪ್ಪಿಟ್ಟಿತು. ನನ್ನನ್ನು ಹಿಡಿದುಕೊಂಡೇ ಮ್ಯಾನೇಜರ್ ಕೋಣೆಗೆ ಹೋಗಿ, ಮಾರಿದ ಪೈಪುಗಳನ್ನೆಲ್ಲ ವಾಪಸ್ ತರಿಸಲು ಹೇಳಿದರು.

"ಅಟೆಂಡರ್ ಮಾಡಿದ ತಪ್ಪು ಅಂತ ಹೇಳಿ ಮುಗಿಸಿ" ಎಂದರು ಮ್ಯಾನೇಜರ್.

"ಅವರು ಹಚ್ಚಿದ್ದು ನನ್ನ ಕಣ್ಣೆದುರಿಗೆ ಸಾರ್. ಕುಂಕುಮ ಇಟ್ಟವಳು ನಾನೇ."

ಪೈಪುಗಳು ವಾಪಸ್ ಬಂದವು. ಶಾಲು ಹೊದಿಸಿದವರೇ ಮುಖ ತಿರುಗಿಸಿದರು. ಮೇಡಂ ಕೆಲಸ ಬಿಟ್ಟರು, ಮತ್ತೆ ಯಾವ ಸಭೆಗೂ ಹೋಗಲಿಲ್ಲ.

ಈಗ ನಾನು ಅವರ ಮನೆಯ ಬಾಲ್ಕನಿಯಲ್ಲಿದ್ದೇನೆ. ಸೋಪು ಹಚ್ಚಿ ತೊಳೆದು, ಎರಡು ಮೊಳೆಗಳ ನಡುವೆ ಎಳೆದು ಕಟ್ಟಿದ್ದಾರೆ. ಪ್ರತಿ ವರ್ಷ ಆಯುಧಪೂಜೆಗೆ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆಲ್ಲ ಕುಂಕುಮವಿಡುತ್ತಿದ್ದರು. ನನ್ನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

ಈ ವರ್ಷ ಹಬ್ಬದ ಬೆಳಿಗ್ಗೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ನನ್ನ ಮೈತುಂಬ ಸಣ್ಣ ಸಣ್ಣ ಬಿರುಕು.

"ಅಂತೂ ನಿಜ ಹೇಳಿದೆಯಲ್ಲ" ಎಂದರು. ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು. ಬಿರುಕುಗಳ ಮೇಲೆಯೇ ಒಂದು ಬೊಟ್ಟಿಟ್ಟರು.

ನಾಚಿಕೆ ಇಬ್ಬರಿಗೂ ಪೂರ್ತಿ ಹೋಗಿಲ್ಲ. ಆದರೆ ಈ ಸಲದ ಕುಂಕುಮ ನನಗೆ ಸಲ್ಲಬೇಕಾದದ್ದೇ.