ಮನೆಯಲ್ಲಿ ತಪ್ಪಲ್ಲ, ರಸ್ತೆಯಲ್ಲಿ ತಪ್ಪು

ವಾಲ್ ಟ್ರೆಜೈಸ್ ಒಂದು ತೊಟ್ಟೂ ಕುಡಿದಿರಲಿಲ್ಲ. ಅದಕ್ಕೇ ಆ ಬೆಳಿಗ್ಗೆ ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗ ಅವನು ನಗುನಗುತ್ತಲೇ ವ್ಯಾನನ್ನು ಪಕ್ಕಕ್ಕೆ ತೆಗೆದ.

ವ್ಯಾನಿನ ತುಂಬ ಮುದುಕ ಮುದುಕಿಯರು. ಕ್ಯಾನ್‌ಬೆರಾದ ದಕ್ಷಿಣಕ್ಕಿರುವ ಕಂಬಾ ಬಡಾವಣೆಯಿಂದ ವಾರಕ್ಕೊಮ್ಮೆ ಅವರನ್ನೆಲ್ಲ ಬಿಸಿನೀರಿನ ಈಜುಕೊಳಕ್ಕೆ ಕರೆದೊಯ್ಯುವುದು ವಾಲ್‌ನ ಕೆಲಸ. ಸಂಬಳವಿಲ್ಲ. ಇಡೀ ಜೀವಮಾನ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನಿಗೆ ಸ್ಟೀರಿಂಗ್ ಬಿಟ್ಟು ಸುಮ್ಮನೆ ಕೂರಲು ಆಗಿರಲಿಲ್ಲ, ಅಷ್ಟೆ.

"ಗುಡ್ ಮಾರ್ನಿಂಗ್ ಸರ್. ಇದಕ್ಕೊಂದ್ಸಲ ಊದಿ" ಎಂದಳು ಪೊಲೀಸ್ ಹುಡುಗಿ. ಊದಿದ. ಸೊನ್ನೆ.

"ಇನ್ನೊಂದೇ ಒಂದು. ನಾಲಿಗೆ ಚಾಚಿ." ಒಂದು ಕಡ್ಡಿಯನ್ನು ನಾಲಿಗೆಯ ಮೇಲೆ ಸವರಿಕೊಂಡು ಹೋದಳು. ವಾಪಸ್ ಬಂದಾಗ ಅವಳ ಮುಖ ಬೇರೆಯಾಗಿತ್ತು. "ಸರ್, ಸ್ವಲ್ಪ ಕೆಳಗಿಳಿದು ಬರ್ತೀರಾ? ಗಾಂಜಾ ಅಂಶ ತೋರಿಸ್ತಾ ಇದೆ."

ವಾಲ್‌ಗೆ ಮೊದಲು ಅರ್ಥವೇ ಆಗಲಿಲ್ಲ. "ನಿನ್ನೆ ಸಂಜೆ ಸೇದಿದ್ದು ನಿಜ ಕಣಮ್ಮ. ಭುಜ ನೋಯ್ತಿತ್ತು. ನಮ್ಮ ಹಿತ್ತಲಲ್ಲೇ ಬೆಳೆದ ಸೊಪ್ಪು. ಮನೇಲಿ ಗಿಡ ಇಟ್ಕೊಳ್ಳೋಕೆ ಕಾನೂನೇ ಬಿಟ್ಟಿದೆಯಲ್ಲ?"

"ಇಟ್ಕೊಳ್ಳಿ ಸರ್, ಸೇದಿ. ಅದು ತಪ್ಪಲ್ಲ. ಆದ್ರೆ ಬಾಯಲ್ಲಿ ಅದರ ಅಂಶ ಇರುವಾಗ ಗಾಡಿ ಓಡಿಸೋದು ತಪ್ಪು."

"ನಾನೇನು ತೂರಾಡ್ತಾ ಇದ್ದೀನಾ? ಮಾತು ತೊದಲ್ತಾ ಇದೆಯಾ?"

"ಇಲ್ಲ ಸರ್."

"ಮತ್ತೆ?"

"ನಶೆ ಇದೆಯಾ ಅಂತ ಈ ಕಡ್ಡಿ ಹೇಳಲ್ಲ ಸರ್. ಅಂಶ ಇದೆಯಾ ಅಂತ ಮಾತ್ರ ಹೇಳುತ್ತೆ."

ಆ ದೇಶದಲ್ಲಿ ಜುಲೈ ಎಂದರೆ ನಡುಚಳಿಗಾಲ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ವಾಲ್‌ನ ಹೆಂಡತಿ ಗ್ಲೆನಿಸ್ ತನ್ನ ಕಾರು ತಂದು ಎರಡೆರಡು ಸಲ ಓಡಾಡಿ ಎಲ್ಲರನ್ನೂ ಮನೆ ಮುಟ್ಟಿಸಿದಳು. ಈಜುಡುಗೆಯ ಮೇಲೆ ಕೋಟು ಹೊದ್ದು ನಿಂತಿದ್ದ ಮುದುಕನೊಬ್ಬ, "ಏನಯ್ಯಾ ವಾಲ್, ನೀನೊಬ್ಬನೇ ಸೇದೋದಾ? ನಮ್ಮ ಮಂಡಿಗೂ ಒಂಚೂರು ಕೊಡಬಾರದಿತ್ತಾ?" ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು. ವಾಲ್‌ಗೆ ತಲೆ ಎತ್ತಲು ಆಗಲಿಲ್ಲ.

ಭಾನುವಾರದ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಬಂದಿತ್ತು. ಹಿತ್ತಲಲ್ಲಿ ಬೆಂಕಿಯ ಮೇಲೆ ಮಾಂಸದ ಸಾಸೇಜುಗಳು ಬೇಯುತ್ತಿದ್ದವು. ಮಗಳು ಟ್ಯಾಮ್ಸಿನ್, ಅಳಿಯ ಡೂಗಲ್ ಬಂದಿದ್ದರು. ಪಕ್ಕದ ಮನೆಯ ಸೆಫೀನಾ ತೆಂಗಿನಹಾಲಿನಲ್ಲಿ ಬೇಯಿಸಿದ ಬನ್ನು ಹಿಡಿದು ಬಂದಳು. ಸೆಫೀನಾ ಆರೋಗ್ಯ ಕೇಂದ್ರದ ನರ್ಸು. ಸಮೋವಾ ದ್ವೀಪದವಳು. ಬೇಲಿಯಾಚೆಯ ಈ ಸ್ನೇಹಕ್ಕೆ ಈಗ ಇಪ್ಪತ್ತು ವರ್ಷ ದಾಟಿದೆ.

"ನೀನೇ ಹೇಳು ಸೆಫೀನಾ," ಎಂದು ಶುರು ಮಾಡಿದ ವಾಲ್. "ಹಿತ್ತಲಲ್ಲಿ ಬೆಳೆದ್ರೆ ಸರಿ. ಮಾರಿದ್ರೆ ತಪ್ಪು. ವರಾಂಡದಲ್ಲಿ ಸೇದಿದ್ರೆ ಸರಿ. ಅದೇ ಪೊಟ್ಟಣ ಜೇಬಲ್ಲಿಟ್ಕೊಂಡು ಗಡಿ ದಾಟಿ ಪಕ್ಕದ ರಾಜ್ಯದ ಕ್ವೀನ್‌ಬಿಯನ್‌ಗೆ ಹೋದ್ರೆ ತಪ್ಪು. ಸೇದಿ ಮಲಗಿ, ಎದ್ದು, ಗಂಜಿ ಕುಡಿದು ವ್ಯಾನ್ ಹತ್ತಿದ್ರೆ ಅದೂ ತಪ್ಪು! ಇದೆಂಥ ಕಾನೂನು ಮಾರಾಯ್ತಿ? ಬಲಗೈಲಿ ಕೊಟ್ಟು ಎಡಗೈಲಿ ಕಿತ್ಕೊಂಡ ಹಾಗೆ!"

ಡೂಗಲ್‌ಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಅದೃಷ್ಟ ಕೆಟ್ಟಿದ್ದು ಮಾವ. ನನ್ನ ನೋಡಿ. ಹೋದ ತಿಂಗಳು ಇಲ್ಲೇ ಸೇದಿ, ಒಂದು ಗಂಟೆ ಬಿಟ್ಟು ಹೊರಟೆನಲ್ಲ, ದಾರೀಲಿ ನಿಲ್ಲಿಸಿದ್ರು. ಊದು ಅಂದ್ರು. ಊದ್ದೆ. ಹೋಗಿ ಬನ್ನಿ ಸರ್ ಅಂತ ಬಿಟ್ಟೇ ಬಿಟ್ರು. ಆವತ್ತು ಅವರ ಹತ್ರ ಕಡ್ಡಿನೇ ಇರಲಿಲ್ಲ ಅನ್ಸುತ್ತೆ."

"ನೋಡಿದ್ಯಾ!" ಎಂದ ವಾಲ್. "ಆಗಷ್ಟೇ ಸೇದಿದವನನ್ನ ಬಿಟ್ರು, ಹಿಂದಿನ ದಿನ ಸೇದಿದವನನ್ನ ಹಿಡಿದ್ರು!"

ಟ್ಯಾಮ್ಸಿನ್ ತಟ್ಟೆ ಕೆಳಗಿಟ್ಟಳು. "ಮುಂದಿನದ್ದೂ ಹೇಳು ಡೂಗಲ್."

"ಮುಂದಿನದ್ದೇನು? ಮನೆಗೆ ಹೋದ್ವಿ."

"ಪಾರ್ಕ್‌ವೇ ಹೆದ್ದಾರಿ ಮೇಲೆ ಎಲ್ಲರೂ ನೂರರಲ್ಲಿ ಹೋಗ್ತಿದ್ರೆ ನೀನು ನಲವತ್ತರಲ್ಲಿ ಹೋಗ್ತಿದ್ದೆ. ಹಿಂದಿದ್ದ ಲಾರಿಯವನು ಗುದ್ದೋದು ತಪ್ಪಿಸೋಕೆ ಪಕ್ಕದ ಸಾಲಿಗೆ ತಿರುಗಿಸಿದ. ಅವನ ಹಾರ್ನು ಇನ್ನೂ ನನ್ನ ಕಿವಿಯಲ್ಲಿದೆ. ಹಿಂದಿನ ಸೀಟಲ್ಲಿ ಐವಿ ಮಲಗಿದ್ದಳು."

"ಹುಷಾರಾಗಿ ನಿಧಾನಕ್ಕೆ ಹೋಗ್ತಿದ್ದೆ ಕಣೇ."

"ನಿನಗೆ ಹಾಗನ್ನಿಸ್ತಿತ್ತು. ನಾನು ಕೂಗಿದ್ದು ನಿನಗೆ ಕೇಳಿಸಿತ್ತಾ?"

 ಡೂಗಲ್‌ಗೆ ನಿಜವಾಗಿಯೂ ನೆನಪಿರಲಿಲ್ಲ. ಸಾಸೇಜು ಕರಿಕಲಾಗುತ್ತಿದ್ದರೂ ಯಾರೂ ತಿರುವಿ ಹಾಕಲಿಲ್ಲ. ಮೂರು ವರ್ಷದ ಮೊಮ್ಮಗಳು ಐವಿ ಆ ಕಾರಿನಲ್ಲಿದ್ದಳು ಎಂಬ ಮಾತು ವಾಲ್‌ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಆದರೂ ಅವನು ಸೋಲೊಪ್ಪಲಿಲ್ಲ.

"ಸರಿ, ಅವನು ಮಾಡಿದ್ದು ತಪ್ಪೇ. ನಾನೇನು ಮಾಡಿದೆ? ನನ್ನ ತಲೆ ನೆಟ್ಟಗಿತ್ತಲ್ಲ?"

ಆಗ ಗ್ಲೆನಿಸ್ ಮೆಲ್ಲಗೆ ಹೇಳಿದಳು. "ನಿನ್ನ ವ್ಯಾನಲ್ಲಿ ಈಜುಕೊಳಕ್ಕೆ ಬರ್ತಾರಲ್ಲ, ಹೆಡ್‌ವಿಗ್, ಅವರು ಫೋನ್ ಮಾಡಿದ್ರು ವಾಲ್. ಆವತ್ತು ಅವರು ಗೇಟಿನ ಹತ್ರ ನಿಂತು ಕೈ ಬೀಸ್ತಾನೇ ಇದ್ರಂತೆ. ನೀನು ನೋಡದೆ ಮುಂದೆ ಹೋಗಿ, ಆಮೇಲೆ ತಿರುಗಿಸ್ಕೊಂಡು ಬಂದ್ಯಂತೆ."

"ಮಂಜಿತ್ತು!"

"ಇದ್ದಿರಬಹುದು."

ಮಂಜಿತ್ತೇ? ವಾಲ್ ನೆನಪು ಮಾಡಿಕೊಂಡ. ಸ್ವಲ್ಪ ಇತ್ತು. ಹೆಡ್‌ವಿಗ್‌ಳ ಕೆಂಪು ಕೋಟು ಕಾಣದಷ್ಟು ಇತ್ತೇ? ರಾತ್ರಿ ಭುಜದ ನೋವಿಗೆ ನಿದ್ದೆಯೂ ಸರಿಯಾಗಿರಲಿಲ್ಲ. ವಯಸ್ಸೂ ಆಯಿತು. ಮಂಜೋ, ನಿದ್ದೆಯೋ, ವಯಸ್ಸೋ, ಸೊಪ್ಪೋ? ಎಷ್ಟು ತಲೆ ಕೆರೆದುಕೊಂಡರೂ ತಿಳಿಯಲಿಲ್ಲ. ತನ್ನ ತಲೆ ನೆಟ್ಟಗಿತ್ತು ಎಂದು ಹೇಳಲು ಅವನ ಬಳಿ ಇದ್ದ ಸಾಕ್ಷಿ ತನ್ನ ತಲೆಯೊಂದೇ. ಡೂಗಲ್‌ಗೂ ಅಷ್ಟೇ ತಾನೇ ಇದ್ದದ್ದು?

"ಸೆಫೀನಾ," ಎಂದ ದನಿ ತಗ್ಗಿಸಿ, "ಹೆಂಡಕ್ಕೆ ಒಂದು ಲೆಕ್ಕ ಇದೆ. ಯಂತ್ರಕ್ಕೆ ಊದಿದ್ರೆ ಅಂಕಿ ಬರುತ್ತೆ, ಇಷ್ಟು ದಾಟಿದ್ರೆ ಓಡಿಸಬೇಡ ಅನ್ನುತ್ತೆ. ಇದಕ್ಕೂ ಹಾಗೊಂದು ಲೆಕ್ಕ ಯಾಕಿಲ್ಲ?"

"ಹುಡುಕ್ತಾನೇ ಇದ್ದಾರೆ ವಾಲ್. ಹೆಂಡ ರಕ್ತದಲ್ಲಿ ಏರುತ್ತೆ, ಆಮೇಲೆ ಹೆಚ್ಚುಕಡಿಮೆ ಒಂದೇ ಸಮ ಇಳಿಯುತ್ತೆ. ಇದು ಹಾಗಲ್ಲ. ಬಾಯಲ್ಲಿ ಅಂಶ ಇದ್ರೂ ತಲೆ ತಿಳಿಯಾಗಿರಬಹುದು. ಅಳತೇಲಿ ಕಮ್ಮಿ ತೋರಿಸಿದ್ರೂ ತಲೆ ಮಂಕಾಗಿರಬಹುದು. ಸೇದಿದ್ರೆ ಒಂಥರ, ಕೇಕಿನಲ್ಲಿ ತಿಂದ್ರೆ ಇನ್ನೊಂಥರ. ತಿಂದದ್ದು ತಡವಾಗಿ ಏರುತ್ತೆ, ಇಳಿಯೋದೂ ತಡ. ದಿನಾ ಸೇದೋರಿಗೆ ಬೇರೆ, ಅಪರೂಪಕ್ಕೆ ಸೇದೋರಿಗೆ ಬೇರೆ. ರಸ್ತೆಯಲ್ಲಿ ನಿಂತ ಆ ಹುಡುಗಿ ನಿನ್ನ ತಲೆಯೊಳಗೆ ಇಣುಕಿ ನೋಡೋಕಾಗುತ್ತಾ? ಅವಳ ಕೈಲಿರೋದು ಒಂದು ಕಡ್ಡಿ."

"ಹಾಗಾದ್ರೆ ಸೇದಿ ಎಷ್ಟು ಹೊತ್ತು ಬಿಟ್ಟು ಓಡಿಸಬಹುದು? ಅದೊಂದು ಹೇಳಿಬಿಡು."

"ಗೊತ್ತಿಲ್ಲ."

"ನರ್ಸಾಗಿ ಗೊತ್ತಿಲ್ಲ ಅಂತೀಯಲ್ಲ!"

"ನರ್ಸಾಗಿರೋದಕ್ಕೇ ಹೇಳ್ತಾ ಇದ್ದೀನಿ. ಇಂತಿಷ್ಟೇ ಗಂಟೆ ಅಂತ ಯಾರಾದ್ರೂ ಎದೆ ತಟ್ಟಿ ಹೇಳಿದ್ರೆ ನಂಬಬೇಡ. ಸೇದಿದವರಲ್ಲಿ ಕೆಲವರನ್ನ ಮಾರನೇ ದಿನವೂ ಕಡ್ಡಿ ಹಿಡಿಯುತ್ತೆ, ದಿನಾ ಸೇದೋರನ್ನ ಇನ್ನೂ ಹೆಚ್ಚು ಹೊತ್ತು. ಡಾಕ್ಟರ್ ಬರೆದುಕೊಟ್ಟ ಗಾಂಜಾ ಎಣ್ಣೆಯಾದ್ರೂ ಇಲ್ಲಿ ಕಡ್ಡಿ ಬಿಡಲ್ಲ. ಅದು ಅನ್ಯಾಯ ಅಂತ ನನಗೂ ಅನ್ನಿಸುತ್ತೆ, ಕೆಲವು ಸಲ."

"ಅನ್ಯಾಯ ಅಂತ ನೀನೇ ಅಂತೀಯ!"

"ಅಂತೀನಿ. ಅದಕ್ಕೆ ವೋಟಿದೆ, ಪ್ರತಿನಿಧಿಗಳಿದ್ದಾರೆ, ಹೋಗಿ ಜಗಳ ಆಡೋಣ, ನಾನೂ ಬರ್ತೀನಿ. ಆದ್ರೆ ಹೆಡ್‌ವಿಗ್‌ನ ಹಿಂದೆ ಕೂರಿಸ್ಕೊಂಡು ಆ ಜಗಳ ಆಡೋಕಾಗಲ್ಲ."

ವಾಲ್ ಕರಿಕಲಾದ ಸಾಸೇಜುಗಳನ್ನು ತೆಗೆದು ಪಕ್ಕಕ್ಕಿಟ್ಟ. ಎಲ್ಲ ಅರ್ಥವಾಯಿತು ಎಂದಲ್ಲ. ಗೊಂದಲ ಇನ್ನಷ್ಟು ಹೆಚ್ಚಾಗಿತ್ತು. ಆದರೆ ಗೊಂದಲದಲ್ಲಿರುವವನು ಚುಕ್ಕಾಣಿ ಹಿಡಿಯಬಾರದು ಎಂಬಷ್ಟು ಅವನಿಗೆ ಹೊಳೆಯಿತು.

ಕೋರ್ಟಿನಲ್ಲಿ ಅವನು ವಾದ ಮಾಡಲಿಲ್ಲ. ದಂಡ ಬಿತ್ತು, ಕೆಲವು ತಿಂಗಳ ಮಟ್ಟಿಗೆ ಲೈಸೆನ್ಸ್ ಹೋಯಿತು. ವ್ಯಾನಿಗೆ ಬೇರೆ ಡ್ರೈವರ್ ಸಿಗುವವರೆಗೆ ಈಜುಕೊಳದ ಓಡಾಟ ನಿಂತೇ ಹೋಯಿತು. ವಾಲ್‌ಗೆ ದಂಡಕ್ಕಿಂತ ಹೆಚ್ಚು ಚುಚ್ಚಿದ್ದು ಅದು. ಅವನು ಮನೆಮನೆಗೆ ನಡೆದುಹೋಗಿ ಎಲ್ಲರಲ್ಲೂ ಕ್ಷಮೆ ಕೇಳಿದ. ಹೆಡ್‌ವಿಗ್ ಬಾಗಿಲಲ್ಲೇ ನಿಲ್ಲಿಸಿ, "ನಿಜ ಹೇಳು, ಆವತ್ತು ನಿನಗೆ ನಶೆ ಇತ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ ಹೆಡ್‌ವಿಗ್. ಅದೇ ನನಗೆ ಹೆದರಿಕೆ."

ಮುದುಕಿ ಬಾಗಿಲನ್ನು ಪೂರ್ತಿ ತೆರೆದು, ಕಾಫಿಗೆ ಒಳಗೆ ಕರೆದಳು.

ಲೈಸೆನ್ಸ್ ಮರಳಿದ ಮೇಲೆ ವಾಲ್ ಸೊಪ್ಪು, ವ್ಯಾನು ಎರಡರಲ್ಲೊಂದನ್ನು ಆರಿಸಬೇಕಾಯಿತು. ಅವನು ವ್ಯಾನನ್ನು ಆರಿಸಿಕೊಂಡ. ಭುಜಕ್ಕೆ ಈಗ ವ್ಯಾಯಾಮ ಮಾಡುತ್ತಾನೆ. ನೋವು ಪೂರ್ತಿ ಹೋಗಿಲ್ಲ, ಬೆಳಗಿನ ಹೊತ್ತು ಗೊಣಗುತ್ತಾನೆ. ಡೂಗಲ್ ಸೇದುವುದನ್ನು ಬಿಟ್ಟಿಲ್ಲ. ಆದರೆ ಭಾನುವಾರ ಬರುವುದು ಬಸ್ಸಿನಲ್ಲಿ, ಇಲ್ಲವೇ ಟ್ಯಾಮ್ಸಿನ್ ಓಡಿಸುವ ಕಾರಿನಲ್ಲಿ. ಮೊದಲ ಸಲ ಅವನೇ ಕೀಲಿ ತೆಗೆದು ಹೆಂಡತಿಯ ಕೈಗಿಟ್ಟಾಗ, "ಕೇಳದೇನೇ ಕೊಟ್ಟೆಯಲ್ಲ!" ಎಂದಳು ಅವಳು. "ನೀನು ಕೂಗಿದ್ದು ಕೇಳಿಸಿರಲಿಲ್ಲ ಕಣೇ," ಎಂದ ಅವನು. "ದಿನಾ ಅದೇ ನೆನಪಾಗುತ್ತೆ."

ಓದುತ್ತಿರುವ ಅಕ್ಕ ಅಣ್ಣಂದಿರೇ, ಕಾನೂನು ಒಂದು ಗಿಡವನ್ನು ಹಿತ್ತಲಿಗೆ ಬಿಟ್ಟಿದೆ ಎಂದರೆ ರಸ್ತೆಗೂ ಬಿಟ್ಟಿದೆ ಎಂದಲ್ಲ. ಇದು ಗಾಂಜಾದ ಮಾತು ಮಾತ್ರವೂ ಅಲ್ಲ. ನಿದ್ದೆ ಮಾತ್ರೆ, ಕೆಲವು ನೋವಿನ ಮಾತ್ರೆ, ತೂಕಡಿಕೆ ತರಿಸುವ ನೆಗಡಿ ಔಷಧಿ ತಗೊಂಡವರೂ ಗಾಡಿ ಹತ್ತುವ ಮೊದಲು ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ನಿಮ್ಮ ತಲೆ ಸರಿಯಿದೆಯೇ ಎಂದು ನಿಮ್ಮ ತಲೆಯನ್ನೇ ಕೇಳಬೇಡಿ. ಸಂಶಯವಿದ್ದರೆ ಕೀಲಿ ಬೇರೆಯವರ ಕೈಗೆ ಕೊಡಿ. ಬೇರೆಯವರು ಇಲ್ಲದಿದ್ದರೆ ಬಸ್ಸು ಹಿಡಿಯಿರಿ. ಬಸ್ಸೂ ಇಲ್ಲವೆಂದರೆ ಆವತ್ತು ಅಲ್ಲೇ ಉಳಿಯಿರಿ. ಹಾಸಿಗೆ ಹಾಸಿಕೊಡಲು ಯಾರೂ ಬೇಸರಪಡುವುದಿಲ್ಲ.