ನಾನೂರ ಮೂವತ್ತೇಳು

ಬೆಳಿಗ್ಗೆ ಹತ್ತೂವರೆಗೆ ಪ್ಯಾಚಮ್ಮ ತನ್ನ ಮೂರು ವರ್ಷದ ಕೆಲಸವನ್ನು ಇನ್ನೊಬ್ಬನ ಹೆಸರಿನಲ್ಲಿ ಓದಿದಳು. ಮೊದಲು ನಗು ಬಂತು. ಆಮೇಲೆ ಕಿವಿ ಬಿಸಿಯಾಯಿತು.

ಪ್ಯಾಚಮ್ಮ ಅನ್ನುವುದು ಮೇಲಿನ ಮಹಡಿಯವರು ಇಟ್ಟ ಹೆಸರು. ಆಂಬುಲೆನ್ಸ್ ನಿಯಂತ್ರಣ ಕೇಂದ್ರದ ನೆಲಮಾಳಿಗೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇವಳು, ಯಾರು ಏನು ಕೇಳಿದರೂ "ಪ್ಯಾಚ್ ಕಳ್ಸಿದೀನಿ, ಇನ್ನೂ ಒಪ್ಪಿಲ್ಲ" ಅನ್ನುತ್ತಿದ್ದಳು. ಮೇಲೆ ಫೋನ್ ಎತ್ತುವ ಹನ್ನೆರಡು ಜನರಲ್ಲಿ ಅವಳ ಅಕ್ಕನೂ ಒಬ್ಬಳು. ಹೆಸರಿಟ್ಟವಳು ಅವಳೇ.

ಆ ಕೋಣೆಯಲ್ಲಿ ಸರ್ವರ್ ಎನ್ನುವ ಎರಡು ಕಬ್ಬಿಣದ ಪೆಟ್ಟಿಗೆಗಳಿವೆ. ಕರೆಗಳನ್ನು ದಾಖಲಿಸುವ ಯಂತ್ರ ಆ ಎರಡರಲ್ಲಿ ಯಾವುದೂ ಅಲ್ಲ. ಅದು ಪೆಟ್ಟಿಗೆಯ ಒಳಗೆ ಬಾಡಿಗೆಗಿದ್ದಂತೆ ಇರುವ ವರ್ಚುವಲ್ ಯಂತ್ರ, ಬರೀ ಸಾಫ್ಟ್‌ವೇರ್. ಒಂದು ಪೆಟ್ಟಿಗೆ ಕೈಕೊಟ್ಟರೆ ಒಳಗಿನ ಯಂತ್ರವನ್ನು ಓಡುತ್ತಿರುವಾಗಲೇ ಇನ್ನೊಂದಕ್ಕೆ ಸಾಗಿಸಬಹುದು. ಸಾಗಿಸುವಾಗ ಅದರ ಗಡಿಯಾರ ಒಂದೆರಡು ಸೆಕೆಂಡು ಹಿಂದೆ ಬೀಳುತ್ತಿತ್ತು. ಅದನ್ನು ಸರಿಪಡಿಸುವ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರೆದವಳು ಇವಳು. ಪೆಟ್ಟಿಗೆಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಓಪನ್ ಸೋರ್ಸ್; ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ಆದರೆ ಒಪ್ಪುವುದು ಬಿಡುವುದು ಬಾಗಿಲಲ್ಲಿ ಕೂತವನ ಕೈಯಲ್ಲಿ.

ಸಾಗಣೆಗೆ ಸಂಬಂಧಿಸಿದ ಭಾಗದ ಬಾಗಿಲಲ್ಲಿ ಕೂತವನು ಒಂದು ದೊಡ್ಡ ಕಂಪನಿಯ ಎಂಜಿನಿಯರ್. ಇವಳು ಹನ್ನೊಂದು ಸಲ ಪ್ಯಾಚ್ ಕಳಿಸಿದಳು, ಅವನು ಹನ್ನೊಂದು ಸಲವೂ ಹಿಂದಕ್ಕೆ ಕಳಿಸಿದ. ಅವನು ಕೊಡುತ್ತಿದ್ದ ಕಾರಣ: ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದೆ. ಏಳನೇ ಸಾಲು ಉದ್ದವಾಯಿತು. ಮತ್ತೆ ಖಾಲಿ ಜಾಗ. ಅಕ್ಕ ತಂಗಿ ಇಬ್ಬರೂ ಅವನನ್ನು ಖಾಲಿಜಾಗದಪ್ಪ ಎಂದೇ ಕರೆಯುತ್ತಿದ್ದರು.

ಇವತ್ತು ಹೊರಬಂದ ಹೊಸ ಆವೃತ್ತಿಯಲ್ಲಿ 'ಸಮಯ ತಪ್ಪದ ಸಾಗಣೆ' ಎಂದು ದೊಡ್ಡದಾಗಿ ಹಾಕಿತ್ತು. ಬರೆದು ಸಹಿ ಮಾಡಿದವನು ಖಾಲಿಜಾಗದಪ್ಪ. ತೀರಾ ಕೆಳಗೆ, 'ದೋಷ ವರದಿ ಮಾಡಿದವರು' ಎಂಬ ಸಾಲಿನಲ್ಲಿ ಇವಳ ಹೆಸರು.

ಅವಳು ಕೋಡ್ ತೆರೆದು ಒಂದೊಂದೇ ಸಾಲು ಓದಿದಳು. ಮಧ್ಯದಲ್ಲಿ ಒಂದು ಸಂಖ್ಯೆ ಸಿಕ್ಕಿತು. 437.

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

ಆ ಸಂಖ್ಯೆ ಹುಟ್ಟಿದ್ದು ಇದೇ ಕೋಣೆಯಲ್ಲಿ. ಎರಡು ಪೆಟ್ಟಿಗೆಗಳ ನಡುವೆ ಫ್ಯಾನು ಸತ್ತ ಹಳೇ ನೆಟ್‌ವರ್ಕ್ ಡಬ್ಬಿಯೊಂದಿತ್ತು. ಮಾಹಿತಿಯ ಒಂದೊಂದು ಕಂತೂ ಅದನ್ನು ದಾಟಲು ಸೆಕೆಂಡಿನ ಹತ್ತು ಲಕ್ಷ ಚೂರುಗಳಲ್ಲಿ ನಾನೂರ ಮೂವತ್ತೇಳು ಚೂರು ತೆಗೆದುಕೊಳ್ಳುತ್ತಿತ್ತು. ಕಂತಿಗೆ ಅಷ್ಟು ಸೇರಿಸಿದರೆ ಗಡಿಯಾರ ಸರಿಹೋಗುತ್ತಿತ್ತು. ಮೂರನೇ ಸಲ ಕಳಿಸುವಾಗ ಅವಳು ಪರೀಕ್ಷೆಗೆ ಹಾಕಿದ್ದ ಆ ಸಂಖ್ಯೆಯನ್ನು ತೆಗೆಯಲು ಮರೆತಿದ್ದಳು. ಏಳನೇ ಸಲ ತೆಗೆದು, ವೇಗವನ್ನು ಯಂತ್ರವೇ ಅಳೆದುಕೊಳ್ಳುವಂತೆ ಮಾಡಿದ್ದಳು. ಕಳ್ಳ ಮೂರನೆಯದನ್ನು ಕದ್ದಿದ್ದ. ಪಕ್ಕದಲ್ಲಿ ಟಿಪ್ಪಣಿ ಬೇರೆ: 'ವ್ಯಾಪಕ ಪ್ರಯೋಗಗಳಿಂದ ಕಂಡುಕೊಂಡ ಸಂಖ್ಯೆ.'

ಮೆಟ್ಟಿಲಿಳಿದು ಬಂದ ಅಕ್ಕ ಅವಳ ಮುಖ ನೋಡಿ ಬಾಗಿಲಲ್ಲೇ ನಿಂತಳು. "ಏನೇ, ಯಾರನ್ನ ಕೊಲ್ಲೋಕೆ ಹೊರಟಿದೀಯ?"

"ಖಾಲಿಜಾಗದಪ್ಪನ್ನ."

"ಮತ್ತೆ ವಾಪಸ್ ಕಳಿಸಿದ್ನಾ?"

"ಇಲ್ಲ. ಈ ಸಲ ಒಪ್ಪಿದಾನೆ. ಅವನ ಹೆಸರಲ್ಲಿ."

ಅಕ್ಕ ಒಂದು ಬೈಗುಳ ಹೇಳಿದಳು. ಫೋನಿನಲ್ಲಿ ದಿನವಿಡೀ ನಯವಾಗಿ ಮಾತಾಡುವವಳ ಬಾಯಲ್ಲಿ ಅದು ಚೆನ್ನಾಗಿಯೇ ಕೇಳಿಸಿತು.

ಹನ್ನೊಂದಕ್ಕೆ ಮುಖ್ಯಸ್ಥ ಬಂದ. ಏನೇ ತೊಂದರೆ ಹೇಳಿದರೂ "ಆಗ್ಲಿ ಬಿಡಿ" ಅನ್ನುವವನಾದ್ದರಿಂದ ಕಚೇರಿಯಲ್ಲಿ ಅವನು ಆಗ್ಲಿಬಿಡಿ ಸಾಹೇಬ.

"ಹೊಸದು ಬಂತಂತಲ್ಲ! ಎರಡು ಗಂಟೆಗೆ ಆಡಳಿತ ಮಂಡಳಿಯವರು ಬರ್ತಾರೆ. ಅವರ ಎದುರಿಗೆ ಕರೆ ಯಂತ್ರನ ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ ಸಾಗಿಸಿ ತೋರಿಸಿ."

"ಆಗಲ್ಲ ಸರ್. ಅದರಲ್ಲಿ ತಪ್ಪಿದೆ. ಹೋದ ತಿಂಗಳು ನಾವು ಹಳೇ ಡಬ್ಬಿ ಬದಲಾಯಿಸಿದ್ವಿ, ಹೊಸದು ಅಷ್ಟು ಹೊತ್ತು ತಗೊಳಲ್ಲ. ಈಗ ಸಾಗಿಸಿದ್ರೆ ಗಡಿಯಾರ ಮುಂದೆ ಓಡತ್ತೆ, ಆಮೇಲೆ ಹಿಂದಕ್ಕೆ ಜಿಗಿಯತ್ತೆ. ಆ ಹೊತ್ತಲ್ಲಿ ಬಂದ ಕರೆ ಶುರುವಾಗೋ ಮೊದಲೇ ಮುಗೀತು ಅಂತ ದಾಖಲಾಗಿ ಪರದೆಯಿಂದ ಮಾಯ ಆಗತ್ತೆ. ಯಾರಿಗೂ ಗಾಡಿ ಹೋಗಲ್ಲ."

"ಅಷ್ಟು ದೊಡ್ಡ ಮನುಷ್ಯ ಬರೆದಿರೋದು ತಪ್ಪು, ನೀವು ಹೇಳೋದು ಸರಿ?"

"ಅವನು ಬರೆದಿದ್ದಲ್ಲ. ನಾನು ಬರೆದಿದ್ದು."

"ನಿಮ್ಮದಾಗಿದ್ರೆ ನಿಮ್ಮ ಹೆಸರಿರಬೇಕಿತ್ತಲ್ಲ?"

"ಇದೆ. ಕೆಳಗೆ. ದೋಷ ವರದಿ ಮಾಡಿದವರು ಅಂತ."

"ಮತ್ತಿನ್ನೇನು? ನೀವು ದೂರು ಕೊಟ್ರಿ, ಅವರು ಸರಿಮಾಡಿದ್ರು. ಆಗ್ಲಿ ಬಿಡಿ, ಎರಡು ಗಂಟೆಗೆ ರೆಡಿ ಇರಲಿ."

ಅವನು ಹೋದ ಮೇಲೆ ಪ್ಯಾಚಮ್ಮ ಮೇಜಿನ ಅಂಚು ಹಿಡಿದು ನಿಂತಳು. ಹೆಸರು ಹೋದದ್ದಕ್ಕೆ ಅವಳು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳೇನೋ. ಆದರೆ ಹೆಸರಿಲ್ಲದವಳು ಬೇಡ ಅಂದರೆ ಇಲ್ಲಿ ಕೇಳುವವರೇ ಇಲ್ಲ. ಎರಡು ಗಂಟೆಗೆ ಅಕ್ಕನ ಕಿವಿಯಲ್ಲಿ ಯಾರೋ ಉಸಿರಾಟ ನಿಲ್ತಾ ಇದೆ ಅಂತ ಕೂಗಿಕೊಳ್ಳುವಾಗ ಪರದೆಯಿಂದ ಆ ಕರೆಯ ಸಾಲು ಅಳಿಸಿಹೋಗುತ್ತದೆ.

ಎರಡಕ್ಕೆ ಮಂಡಳಿಯ ನಾಲ್ವರು ನೆಲಮಾಳಿಗೆಗೆ ಬಂದರು. ಮುಂದೆ ಇದ್ದವಳು ವಯಸ್ಸಾದ ವೈದ್ಯೆ.

"ಅಸಲಿ ಯಂತ್ರಕ್ಕೆ ಹಳೇ ಆವೃತ್ತಿನೇ ಇದೆ, ನಾನು ಮುಟ್ಟಿಲ್ಲ," ಎಂದಳು ಪ್ಯಾಚಮ್ಮ, ಮುಖ್ಯಸ್ಥ ಬಾಯಿ ತೆರೆಯುವ ಮೊದಲೇ. "ಹೊಸದನ್ನ ಹೊಸಬರಿಗೆ ಕಲಿಸೋ ತರಬೇತಿ ಯಂತ್ರಕ್ಕೆ ಹಾಕಿದೀನಿ. ಅದನ್ನೇ ಸಾಗಿಸ್ತೀನಿ, ನೋಡಿ."

"ನಾನು ಹೇಳಿದ್ದೇನು, ನೀವು..." ಎಂದ ಮುಖ್ಯಸ್ಥ. ವೈದ್ಯೆ ಕೈ ಎತ್ತಿ ಅವನನ್ನು ತಡೆದಳು.

ಪ್ಯಾಚಮ್ಮ ಗುಂಡಿ ಒತ್ತಿದಳು. ಸಾಗಣೆ ಶುರುವಾಯಿತು. ಮೇಲಿನಿಂದ ಅಕ್ಕ ತರಬೇತಿ ಸಾಲಿಗೆ ಒಂದರ ಹಿಂದೊಂದು ಕರೆ ಮಾಡತೊಡಗಿದಳು. ಪರದೆಯ ಮೇಲೆ ಕೆಂಪು ಸಾಲುಗಳು ಮೂಡಿದವು: ಒಂದು, ಎರಡು, ಮೂರು, ನಾಲ್ಕು. ಸಾಗಣೆ ಮುಗಿದು, ಗಡಿಯಾರ ತನ್ನ ತಪ್ಪು ಅರಿತು ಹಿಂದಕ್ಕೆ ಜಿಗಿಯಿತು. ಮೂರನೆಯದೂ ನಾಲ್ಕನೆಯದೂ ಕಾಣೆಯಾದವು. ಮೇಜಿನ ಮೇಲಿನ ಫೋನಿನಲ್ಲಿ ಅಕ್ಕನ ಧ್ವನಿ ಮಾತ್ರ ಇನ್ನೂ ಕೇಳುತ್ತಿತ್ತು. "ಹಲೋ? ನಾನಿನ್ನೂ ಲೈನಲ್ಲೇ ಇದೀನಿ ಕಣೇ. ಸತ್ತಿಲ್ಲ."

ವೈದ್ಯೆ ಪರದೆಯಲ್ಲಿ ಖಾಲಿಯಾದ ಜಾಗದ ಮೇಲೆ ಬೆರಳಿಟ್ಟಳು.

"ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?" ವೈದ್ಯೆ ಕೇಳಿದಳು.

"ಈ ತಪ್ಪು ನಾನೇ ಮಾಡಿದ್ದು. ಮೂರು ವರ್ಷದ ಹಿಂದೆ."

ಮುಖ್ಯಸ್ಥನ ಮುಖ ಅರಳಿತು. "ನೋಡಿದ್ರಾ? ತಪ್ಪು ಇವರದೇ! ಬಾಯಿಬಿಟ್ಟು ಹೇಳ್ತಿದಾರೆ."

ಪ್ಯಾಚಮ್ಮ ಅವನ ಕಡೆ ತಿರುಗಿದಳು. ಧ್ವನಿ ಏರಿಸಲಿಲ್ಲ. "ಬೆಳಿಗ್ಗೆ ಇದು ನನ್ನ ಕೆಲಸ ಅಂದಾಗ ಹೆಸರೆಲ್ಲಿ ಅಂದ್ರಿ. ಈಗ ತಪ್ಪು ಅಂದ ಕೂಡ್ಲೆ ನನ್ನದಾಯ್ತಾ? ಅದಕ್ಕೆ ಹೆಸರು ಬೇಡ್ವಾ ಸರ್?"

ಅವನ ಬಾಯಿಗೆ 'ಆಗ್ಲಿ' ಬಂತು, 'ಬಿಡಿ' ಬರಲಿಲ್ಲ.

"ಹೊಸದು ಇಲ್ಲಿ ಬೇಡ," ಎಂದಳು ವೈದ್ಯೆ. "ಬೇರೆ ಊರಿನ ಕೇಂದ್ರಗಳಲ್ಲೂ ಇದನ್ನೇ ಹಾಕ್ತಾರಾ?"

"ಇವತ್ತೇ ಹಾಕ್ತಿರ್ತಾರೆ."

ಅವರು ಹೋದ ಮೇಲೆ ಅವಳು ಕೂತು, ತನ್ನ ಏಳನೇ ಸಲದ ತಿದ್ದುಪಡಿಯನ್ನು ಹೊಸ ಆವೃತ್ತಿಗೆ ಹೊಂದಿಸಿ ಎಲ್ಲರೂ ಓದುವ ಇಮೇಲ್ ಪಟ್ಟಿಗೆ ಕಳಿಸಿದಳು. ಮೂಲೆಯಲ್ಲಿ ಬಿದ್ದಿದ್ದ ಹಳೇ ಡಬ್ಬಿಯ ಫೋಟೋ ಲಗತ್ತಿಸಿದಳು. '437 ಹುಟ್ಟಿದ್ದು ಈ ಡಬ್ಬಿಯಲ್ಲಿ. ಇದು ನಿಮ್ಮ ಪ್ರಯೋಗಾಲಯಕ್ಕೆ ಹೇಗೆ ಬಂತು?'

ಇಪ್ಪತ್ತು ನಿಮಿಷದಲ್ಲಿ ಖಾಲಿಜಾಗದಪ್ಪನ ಉತ್ತರ ಬಂತು. ಡಬ್ಬಿಯ ಮಾತೇ ಇಲ್ಲ. 'ಹದಿನಾಲ್ಕನೇ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗವಿದೆ. ಅಲ್ಲದೆ, ಇದು ಯಾವ ಪ್ಯಾಚಿನ ತಪ್ಪನ್ನು ತಿದ್ದುತ್ತದೆ ಎಂಬ ಸಾಲು ಬಿಟ್ಟುಹೋಗಿದೆ. ಅದು ಕಡ್ಡಾಯ.'

ಪಾಳಿ ಮುಗಿಸಿ ಬಂದ ಅಕ್ಕ ಹೆಗಲ ಮೇಲಿಂದ ಬಗ್ಗಿ ಓದಿದಳು. "ಥೂ! ಉಗಿದು ಕಳ್ಸೇ."

"ತಡಿ. ಕೇಳಿದ್ದು ಕೊಡೋಣ."

ಖಾಲಿ ಜಾಗ ಅಳಿಸಿದಳು. ಬೇರೆ ಊರುಗಳಲ್ಲಿ ಯಾರ ಯಾರ ಕರೆಯೋ ಮಾಯವಾಗುತ್ತಿರುವಾಗ ಅದಕ್ಕಾಗಿ ಜಗಳಕ್ಕೆ ಕೂರುವಂತಿರಲಿಲ್ಲ. ಆಮೇಲೆ ಕಡ್ಡಾಯದ ಸಾಲು ಬರೆದಳು: ಈ ತಿದ್ದುಪಡಿ ಇಂಥ ಪ್ಯಾಚಿನ ತಪ್ಪಿಗೆ, ಅದನ್ನು ಬರೆದು ಸಹಿ ಮಾಡಿದವರು ಇಂಥವರು. ಸಹಿ ಅವನದು, ಈಗ ತಪ್ಪೂ ಅವನದೇ. ಈ ದಾಖಲೆಯಿಂದ ಒಮ್ಮೆ ಸೇರಿದ ಹೆಸರನ್ನು ಯಾರೂ ತೆಗೆಯಲಾರರು.

ಅವನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದಳು. ಎರಡು ಸಲ ತಿರುವಿ ನೋಡಿದಳು. ಹಿಂದೆ ಮುಂದೆ ಎಲ್ಲೂ ಒಂದು ಖಾಲಿ ಜಾಗ ಉಳಿದಿರಲಿಲ್ಲ. ಕಳಿಸಿದಳು.