ಲಾಕ್ ಹಾಕಿಟ್ಟ ಬಾಸ್

ಲತೀಶನ ಸೌಂಡ್ ಸಿಸ್ಟಮಿಗೆ ಬಾಸೇ, ಎಂದರೆ ಎದೆಗೆ ಗುದ್ದುವ ಆ ದಪ್ಪ ಸ್ವರವೇ, ಇಲ್ಲ ಎನ್ನುವ ಮಾತು ಸುಳ್ಯದಿಂದ ಕುಂಬ್ರದವರೆಗೆ ಹಬ್ಬಿತ್ತು. ಕೇಳಿದವರಿಗೆಲ್ಲ ಅವನು ನಕ್ಕು, ಅದು ಹಾಗೆಯೇ ಇರಬೇಕು, ಕಿವಿಗೆ ಒಳ್ಳೆಯದು ಎನ್ನುತ್ತಿದ್ದ. ಕಿವಿಗಂತೆ! ಆ ಪುಣ್ಯಾತ್ಮನ ಹೊಟ್ಟೆಯೊಳಗೆ ಇದ್ದದ್ದೇ ಬೇರೆ.

ಮೂರು ವರ್ಷದ ಹಿಂದೆ ಆಲೆಟ್ಟಿಯಲ್ಲಿ ಒಂದು ಮದುವೆ. ಮನೆಯ ಎದುರಿನ ಮರದಲ್ಲಿ ಹೆಜ್ಜೇನಿನ ಮೂರು ಎರಿ ಜೋತುಬಿದ್ದಿದ್ದವು. ಅಡಿಗೆಯ ಮಾಯಿಲಪ್ಪ ಅದನ್ನು ನೋಡಿಯೇ ದೂರದಲ್ಲಿ ಒಲೆ ಹೂಡಿದ್ದ. ಊಟಕ್ಕೆ ಮೊದಲು ಮದುಮಗನ ಗೆಳೆಯರಿಗೆ ಕುಣಿಯಬೇಕಾಯಿತು, ಲತೀಶ ಬಾಸ್ ಪೂರ್ತಿ ಏರಿಸಿದ. ಒಂದೊಂದು ಗುದ್ದಿಗೂ ಎರಿಯ ಮೇಲೆ ಕಪ್ಪು ಅಲೆಯೊಂದು ಸರ್ರನೆ ಓಡುವುದನ್ನು ಅವನು ಕಣ್ಣಾರೆ ಕಂಡ. ನೋಡಲಿಕ್ಕೆ ಚಂದ ಉಂಟಲ್ಲ ಎಂದುಕೊಂಡ. ಆಮೇಲೆ ಹುಳಗಳು ಎದ್ದವು. ಚಪ್ಪರದಲ್ಲಿದ್ದ ಮಕ್ಕಳನ್ನೆಲ್ಲ ಮನೆಯೊಳಗೆ ದಬ್ಬುತ್ತ ಮಾಯಿಲಪ್ಪ ಹೊರಗೇ ಉಳಿದ. ಸಂಜೆಯೊಳಗೆ ಅವನ ಜೀವ ಹೋಯಿತು. ಊರಲ್ಲಿ ಒಂದೇ ಮಾತು: ಅವನ ಒಲೆಯ ಹೊಗೆಗೇ ಹೆಜ್ಜೇನು ಎದ್ದದ್ದು. ಲತೀಶ ಬಾಯಿ ಬಿಡಲಿಲ್ಲ.

ಬಾಯಿ ಬಿಡುವ ಬದಲು ಲ್ಯಾಪ್‌ಟಾಪ್ ಬಿಚ್ಚಿದ. ಯಾವ ಸ್ಪೀಕರಿಗೆ ಯಾವ ಸ್ವರ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಪ್ರೊಸೆಸರ್ ಎನ್ನುವ ಪೆಟ್ಟಿಗೆ. ಅದಕ್ಕೆ ಲ್ಯಾಪ್‌ಟಾಪಿನ ಸಾಫ್ಟ್‌ವೇರಿನಿಂದ ಹೇಳಿಕೊಡಬೇಕು. ಹದಿನೈದು ದಿನ ಕೂತು ಆ ಗುದ್ದನ್ನು ಬುಡದಲ್ಲೇ ಕತ್ತರಿಸಿದ. ಪೆಟ್ಟಿಗೆಯೊಳಗೆ ಸ್ಟೋರ್ ಮಾಡಿ, ಯಾರೂ ಮುಟ್ಟದ ಹಾಗೆ ಲಾಕ್ ಹಾಕಿದ. ಲ್ಯಾಪ್‌ಟಾಪಿನಲ್ಲಿ ಒಂದು ಕಾಪಿ ಇಟ್ಟುಕೊಂಡ. ಮಾಯಿಲಪ್ಪ ಸತ್ತ ತಾರೀಕೇ ಪಾಸ್‌ವರ್ಡ್. ಪಾಲುದಾರ ಝಾಕಿರ್ ಎಷ್ಟು ಸಲ ಕೇಳಿದರೂ ಅದನ್ನು ಕೊಡಲಿಲ್ಲ, ಲಾಕ್ ಯಾಕೆಂದೂ ಹೇಳಲಿಲ್ಲ. ಹೇಳಿದರೆ ಆಲೆಟ್ಟಿಯ ಕತೆಯನ್ನೂ ಹೇಳಬೇಕಾಗುತ್ತಿತ್ತು.

ಈ ವರ್ಷ ಮರ್ಕಂಜದ ಆಚೆ ಒಂದು ಶಾಲೆಯ ವಾರ್ಷಿಕೋತ್ಸವ. ಝಾಕಿರ್ ಬೆಳಿಗ್ಗೆಯೇ ಹೋಗಿ ಎಲ್ಲ ಜೋಡಿಸಿ, ಜನರೇಟರ್ ನೋಡಲು ಶಾಲೆಯ ಹಿಂದಕ್ಕೆ ಹೋಗಿದ್ದ. ಹತ್ತೂವರೆಗೆ ಬಂದ ಲತೀಶ ಮೈದಾನದ ಅಂಚಿನ ಮರ ನೋಡಿ ನಿಂತುಬಿಟ್ಟ. ಐದು ಎರಿ. ಮೈದಾನದ ಇನ್ನೊಂದು ತುದಿಯಲ್ಲಿ, ಗೇಟಿನ ಹತ್ತಿರ, ಪಾಯಸದ ಒಲೆ. ಒಲೆಯ ಮುಂದೆ ಮಾಯಿಲಪ್ಪನ ಹೆಂಡತಿ ದುಗ್ಗಮ್ಮ. ಗಂಡ ಹೋದ ಮೇಲೆ ಅವಳು ಇದೇ ಶಾಲೆಯಲ್ಲಿ ಅಡಿಗೆಗೆ ಸೇರಿದ್ದಳು.

ಲತೀಶ ನಿಂತಲ್ಲೇ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಅವನು ಕತ್ತರಿಸಿದ ಬಾಸಿನ ಗೆರೆ ಕತ್ತರಿಸಿದ ಹಾಗೆಯೇ ಇತ್ತು. ಉಸಿರು ಬಂತು. ಆದರೆ ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ಕೇಬಲ್ ಚುಚ್ಚಿರಲಿಲ್ಲ ಮಾರಾಯ. ಅವನು ನೋಡಿದ್ದು ಲ್ಯಾಪ್‌ಟಾಪಿನಲ್ಲಿದ್ದ ಕಾಪಿ, ಪೆಟ್ಟಿಗೆಯೊಳಗೆ ಏನಿದೆ ಎಂದಲ್ಲ.

ಪೆಟ್ಟಿಗೆಯನ್ನು ಹಿಂದಿನ ದಿನ ಝಾಕಿರ್ ಪುತ್ತೂರಿಗೆ ಕೊಂಡುಹೋಗಿದ್ದ. ಅವನ ತಪ್ಪೂ ಅಲ್ಲ ಅದು. ಬಾಸ್ ಹೋದದ್ದು ಏನೋ ಕೆಟ್ಟು ಎಂದು ಅವನು ನಂಬಿದ್ದ. ರಿಪೇರಿಯವರಿಗೆ ಲಾಕ್ ತೆಗೆಯಲಾಗದೆ ಎಲ್ಲ ಅಳಿಸಿ, ಪೆಟ್ಟಿಗೆಯ ಜೊತೆ ಮೊದಲು ಬಂದಿದ್ದ ಸೆಟ್ಟಿಂಗ್ ಹಾಕಿಕೊಟ್ಟರು. ಲತೀಶಣ್ಣ ಕೇಳಿ ಖುಷಿಪಡಲಿ ಎಂದು ಝಾಕಿರ್ ಬಾಯಿಮುಚ್ಚಿಕೊಂಡಿದ್ದ.

ಲತೀಶ ಹಾಕಿದ ಮೊದಲ ಹಾಡಿನ ಮೊದಲ ಗುದ್ದು ಅವನ ಪಕ್ಕೆಲುಬಿಗೇ ಬಡಿಯಿತು. ಮರ ನೋಡಿದ. ಐದೂ ಎರಿಗಳ ಮೇಲೆ ಅದೇ ಕಪ್ಪು ಅಲೆ. ವೇದಿಕೆಯ ಹಿಂದಕ್ಕೆ ಓಡಿ ಮೇನ್ ಪ್ಲಗ್ಗನ್ನೇ ಕಿತ್ತ. ಹಾಡು ನಿಂತಿತು. ಅಷ್ಟರಲ್ಲಿ ಹೆಡ್ ಟೀಚರ್ ಗೋದಾವರಿಯವರೂ ಎರಿ ಅಲುಗುವುದನ್ನು ಕಂಡಿದ್ದರು. ಮಕ್ಕಳನ್ನು ಸಾಲಾಗಿ ತರಗತಿಗೆ ಕಳಿಸಿ, ದುಗ್ಗಮ್ಮನ ಕಡೆ ತಿರುಗಿ, ಗಂಡನಿಗೆ ಆದದ್ದು ನೋಡಿಯೂ ಬುದ್ಧಿ ಬರಲಿಲ್ಲವೇ ಎಂದು ಎಲ್ಲರ ಎದುರು ಗದರಿದರು.

ದುಗ್ಗಮ್ಮ ಒಲೆಗೆ ಕೊಡ ಕೊಡ ನೀರು ಸುರಿದಳು. ಅರ್ಧ ಬೆಂದ ಪಾಯಸ ಹಾಗೇ ಉಳಿಯಿತು. ಹತ್ತಿರ ಬಂದ ಲತೀಶನನ್ನು ಕೇಳಿದಳು.

“ನನ್ನ ಹೊಗೆ ಅಲ್ಲಿವರೆಗೆ ಹೋಯ್ತಾ ಮಾರಾಯ? ನಮ್ಮವರು ಮಾಡಿದ ತಪ್ಪು ನಾನು ಮಾಡುದು ಬೇಡ ಅಂತಲೇ ಇಷ್ಟು ದೂರ ಒಲೆ ಹಾಕಿದ್ದು.”

ಒಂದೇ ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

“ಹೋಗಿರ್ಬೇಕು ಅಕ್ಕ,” ಎಂದ. “ಗಾಳಿ ಉಂಟಲ್ಲ.”

ಥೂ, ಎಂಥ ನಾಲಿಗೆ ಅದು! ಆದರೂ ಆ ಗಳಿಗೆಗೆ ಅವನಿಗೆ ಹಗುರಾಯಿತು. ಗೇಟಿನಲ್ಲಿ ನಿಂತಿದ್ದ ಪಿಕಪ್ಪಿನಲ್ಲಿ ಲ್ಯಾಪ್‌ಟಾಪಿನ ಕೇಬಲ್ ಇತ್ತು. ತಂದು ಹಳೆಯ ಸೆಟ್ಟಿಂಗ್ ಮತ್ತೆ ಹಾಕಿ ಲಾಕ್ ಮಾಡಿದರೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಬೇಗ ಬೇಗ ನಡೆದ. ಎರಿಗಳ ಅಲೆ ಇನ್ನೂ ಪೂರ್ತಿ ನಿಂತಿರಲಿಲ್ಲ.

ಕೇಬಲ್ ಕೈಗೆ ಬಂದಾಗಲೇ ಗುದ್ದು ಕೇಳಿಸಿತು. ಶಾಲೆಯ ಹಿಂದಿನಿಂದ ಬಂದ ಝಾಕಿರ್, ಪ್ಲಗ್ ಕಳಚಿಬಿದ್ದಿದೆ ಎಂದುಕೊಂಡು ಮತ್ತೆ ಚುಚ್ಚಿದ್ದ. ಹಾಡು ಕೇಳಿದ್ದೇ ತಡ, ಕುಣಿಯಲು ಕಾದಿದ್ದ ಮಕ್ಕಳು ತರಗತಿಯ ಬಾಗಿಲಿಗೆ ಮುಗಿಬಿದ್ದು ಹೊರಗೆ ಬಂದರು.

ದುಗ್ಗಮ್ಮ ಒದ್ದೆ ಒಲೆಯ ಮುಂದೆ ಖಾಲಿ ಕೊಡ ಹಿಡಿದು ನಿಂತಿದ್ದಳು. ಹೊಗೆಯ ಒಂದು ಎಳೆಯೂ ಇರಲಿಲ್ಲ. ಮರದಲ್ಲಿ ಅಲೆ ಈಗ ಬಿಡುವಿಲ್ಲದೆ ಓಡುತ್ತಿತ್ತು, ಗುದ್ದಿಗೆ ಸರಿಯಾಗಿ. ಅವಳು ಒಲೆ ನೋಡಿದಳು, ಮರ ನೋಡಿದಳು, ಸ್ಪೀಕರ್ ನೋಡಿದಳು. ಕೊನೆಗೆ ಲತೀಶನನ್ನು ನೋಡಿದಳು.

“ಒಲೆ ನಂದಿ ಆಯ್ತಲ್ಲ ಲತೀಶ,” ಎಂದಳು. “ಇನ್ನೆಂತ ಹೊಗೆ?”

ಅವನು ಬಾಯಿ ತೆರೆದ. ಹೊಗೆ ಅಲ್ಲ ಅಕ್ಕ, ಆಗಲೂ ಹೊಗೆ ಅಲ್ಲ ಎಂದು ಕೂಗಿಯೇ ಹೇಳಿದ, ಮೂರು ವರ್ಷದ ಮೇಲೆ. ಹೇಳುತ್ತಲೇ ಪ್ಲಗ್ಗಿನ ಕಡೆ ಓಡಿದ. ವೇದಿಕೆಗೆ ಇನ್ನೂ ಅರ್ಧ ಮೈದಾನ ಇರುವಾಗ ಮೊದಲ ಎರಿಯ ಹುಳಗಳು ಕಪ್ಪಗೆ ಮೇಲೆದ್ದವು.

ದುಗ್ಗಮ್ಮ ಕೊಡ ಬಿಸಾಡಿ ತರಗತಿಯ ಕಡೆ ಓಡಿದಳು. ಹೊರಗೆ ಬಂದಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ದಬ್ಬಿದಳು. ಬಾಗಿಲು ಎಳೆದು ಚಿಲಕ ಹಾಕಿದಳು, ಹೊರಗಿನಿಂದ.